ಗೆದ್ದವರೇ ಹೊರಬೇಕು

ಟ್ರಂಕಿನ ಮುಚ್ಚಳ ತೆಗೆದದ್ದೇ ತಡ, ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ನಮ್ಮ ಟ್ರಸ್ಟಿನ ನೀಲಿ ಪಟ್ಟೆಯ ಜಮಖಾನ. ಸಭೆಗೆ ಇನ್ನೂ ಹೊತ್ತಿತ್ತು. ಹಾಸಿಬಿಡೋಣವೆಂದು ಬಗ್ಗಿದವಳು ಅಲ್ಲೇ ಕುಳಿತುಬಿಟ್ಟೆ. ವಾಸನೆ ಬಂತು, ಕಣ್ಣು ತುಂಬಿತು ಎಂದೆಲ್ಲ ಬರೆಯುವವರನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಆದರೂ ಆ ವಾಸನೆಯ ಬೆನ್ನಿಗೇ ಒಂದು ದನಿ ಕೇಳಿಸಿದ್ದು ಸುಳ್ಳಲ್ಲ: "ಗೆದ್ದಿ, ತಂಗಿ. ಇನ್ನ ಹೊರು."

ಅದು ನಮ್ಮ ಅಧ್ಯಕ್ಷರ ದನಿ. ಯಲಬುರ್ಗಾದ ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ. ಮನೆತನದ ಹಳೆಯ ಹತ್ತಿ ಗೋದಾಮೊಂದನ್ನು ಹಾಡು-ಆಟ ಕಲಿಯುವವರಿಗೆಂದು ಬಿಟ್ಟುಕೊಟ್ಟು, ಅದನ್ನು ನೋಡಿಕೊಳ್ಳಲು ಒಂದು ಟ್ರಸ್ಟು ಕಟ್ಟಿದ್ದರು. ಸಂಜೆಗೆ ತಬಲಾ, ಹಾರ್ಮೋನಿಯಂ. ಶನಿವಾರ ಬಯಲಾಟದ ತಾಲೀಮು. ತಿಂಗಳಿಗೊಮ್ಮೆ ಟ್ರಸ್ಟಿಗಳ ಸಭೆ. ಕುರ್ಚಿ ಇಲ್ಲ, ಜಮಖಾನದ ಮೇಲೆಯೇ. ಗೋಡೆಗೆ ಒಂದೇ ಲೋಡುದಿಂಬು, ಅದಕ್ಕೆ ಒರಗುವವರು ಅಧ್ಯಕ್ಷರು.

ನಾನು ಟ್ರಸ್ಟಿಯಾದದ್ದು ಜಗಳದಿಂದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದು ಗೆದ್ದು ನಾಲಗೆ ಹರಿತವಾಗಿದ್ದ ಕಾಲ. ಕುಷ್ಟಗಿಯಲ್ಲಿ ಪಾಠ ಹೇಳುವ ಕೆಲಸ ಹೊಸದಾಗಿ ಸಿಕ್ಕಿತ್ತು. ಗೋದಾಮಿನಲ್ಲಿ ನಡೆದ ಒಂದು ಕಾರ್ಯಕ್ರಮದಲ್ಲಿ, ಸಭಿಕರ ನಡುವಿನಿಂದ ಎದ್ದು ನಿಂತು ಕೇಳಿದ್ದೆ: ಊರ ಕಲೆ ಎನ್ನುತ್ತೀರಿ, ನಿಮ್ಮ ಟ್ರಸ್ಟಿನಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲವಲ್ಲ, ಊರಲ್ಲಿ ಹೆಂಗಸರೇ ಇಲ್ಲವೇ? ವೇದಿಕೆಯ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷರು ಮಾತ್ರ ಮೈಕು ಎಳೆದುಕೊಂಡು, "ಇಲ್ಲಾಂತ ಯಾರಂದ್ರು? ಈಗ ಬಂದ್ಲಲ್ಲ," ಎಂದುಬಿಟ್ಟರು. ಮುಂದಿನ ತಿಂಗಳು ನಾನು ಜಮಖಾನದ ಮೇಲಿದ್ದೆ.

ಹೋದ ಮೇಲೆ ತಿಳಿಯಿತು, ಅದು ಅಲ್ಲಿನ ರೂಢಿ. ಯಾರ ಮಾತು ಗೆಲ್ಲುತ್ತದೋ ಕೆಲಸವೂ ಅವರದೇ. ಪರದೆ ಹೊಲಿಸಬೇಕು ಎಂದು ವಾದಿಸಿ ಗೆದ್ದಿರೋ, ದರ್ಜಿಯ ಮನೆಗೆ ನೀವೇ ಅಲೆಯಬೇಕು. ಇದರ ಪರಿಣಾಮವೇನಾಗಿತ್ತೆಂದರೆ, ಸಭೆಯಲ್ಲಿ ಸೋಲುವುದಕ್ಕೇ ಪೈಪೋಟಿ! ಬೀಜ-ಗೊಬ್ಬರದ ಅಂಗಡಿಯ ಟ್ರಸ್ಟಿಯೊಬ್ಬರಿದ್ದರು. ಜೋರಾಗಿ ಮಾತು ಶುರುಮಾಡಿ, ಉಳಿದವರು ಹೌದೆಂದು ತಲೆಯಾಡಿಸುವುದು ಕಂಡ ಕೂಡಲೇ, "ಬ್ಯಾಡಾದ್ರೂ ನಡಿತೈತಿ ಬಿಡ್ರಿ," ಎಂದು ಹಿಂದೆ ಸರಿಯುತ್ತಿದ್ದರು. ನಿವೃತ್ತ ಹೆಡ್‌ಮಾಸ್ತರರಂತೂ ಎರಡೂ ಪಕ್ಷದ ಮಾತಾಡಿ ನಿದ್ದೆಗೆ ಜಾರುತ್ತಿದ್ದರು.

ನಾನು ಬಿಡಲಿಲ್ಲ. "ಅಧ್ಯಕ್ಷರ, ಇದು ತಪ್ಪ್ರಿ. ಮಾತು ಖರೇ ಐತೋ ಸುಳ್ಳೈತೋ ಅನ್ನೋದು ಒಂದು, ಅದನ್ನ ಯಾರು ಮಾಡಬೇಕು ಅನ್ನೋದು ಇನ್ನೊಂದು. ಎರಡನ್ನೂ ಗಂಟು ಹಾಕಬಾರದು. ಟ್ರಸ್ಟ್ ಡೀಡಿನ್ಯಾಗೂ ಹಿಂಗಂತ ಬರದಿಲ್ಲ."

"ಡೀಡಿನ್ಯಾಗ ಚಹಾ ಕುಡೀಬೇಕು ಅಂತನೂ ಬರದಿಲ್ಲ. ಕುಡಿಯಾಕತ್ತಿಲ್ಲೇನು?"

"ಅದು ಉತ್ತರ ಅಲ್ರಿ."

"ಆತು, ಉತ್ತರ ಕೇಳು. ನಮ್ಮಂಗಡಿಗೆ ಬಂದು ಸೀರಿ ಪಸಂದ ಮಾಡ್ತಿ. ಉಡಾಕಿ ಯಾರು? ನೀನೋ, ನಮ್ಮ ಗುಮಾಸ್ತನೋ?"

ಎಲ್ಲರೂ ನಕ್ಕರು. ಆ ಹೋಲಿಕೆಯಲ್ಲಿ ಎಷ್ಟು ತೂತುಗಳಿದ್ದವು ಎಂದು ಈಗಲೂ ಎಣಿಸಿ ತೋರಿಸಬಲ್ಲೆ. ಆದರೆ ನಗು ಮುಗಿಯುವ ಹೊತ್ತಿಗೆ ಚಹಾ ಬಂದಿತ್ತು…

ಸೋಲುವುದು ನನಗೆ ಗೊತ್ತಿಲ್ಲದ ವಿದ್ಯೆ. ಹಾಗಾಗಿ ಹೊರುವುದು ಶುರುವಾಯಿತು. ಬಯಲಾಟವನ್ನು ಹುಡುಗಿಯರಿಗೂ ಕಲಿಸಬೇಕೆಂದು ವಾದಿಸಿದೆ. ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡಿಕೊಂಡು ಬಂದಿದ್ದಾರೆ ಎಂದರು ಹೆಡ್‌ಮಾಸ್ತರರು. "ಅಂದ್ರ ಹೆಣ್ಣಾಗೋದು ಹೆಣ್ಣಿಗೆ ಬರಂಗಿಲ್ಲ ಅಂತೀರೇನ್ ಸರ?" ಎಂದೆ. ಗೆದ್ದೆ. ತಳಕಲ್ಲು ಊರಿನಿಂದ ಕೆಲವು ಹುಡುಗಿಯರು ಬರಲು ಒಪ್ಪಿದರು. ಆದರೆ ಅವರ ಮನೆಯವರದೊಂದು ಷರತ್ತು: ತಾಲೀಮು ಮುಗಿದ ಮೇಲೆ ಟ್ರಸ್ಟಿನವರೇ ಬಸ್ಸು ಹತ್ತಿಸಬೇಕು. ಟ್ರಸ್ಟಿನವರೆಂದರೆ ಇನ್ಯಾರು, ನಾನೇ. ಹೀಗೆ ಶನಿವಾರದ ಸಂಜೆಗಳೆಲ್ಲ ನನ್ನ ಕೈ ಬಿಟ್ಟು ಬಸ್‌ಸ್ಟ್ಯಾಂಡಿನ ಪಾಲಾದವು. ಕಾಲಿಗೆ ಗೆಜ್ಜೆ ಕಟ್ಟಿ ಕುಣಿದು ದಣಿದ ಹುಡುಗಿಯರು, ಬಸ್ಸಿಗೆ ಕಾಯುತ್ತಾ ಶೇಂಗಾ ತಿನ್ನುತ್ತಾ ಒಬ್ಬರ ಮಾತನ್ನೊಬ್ಬರು ಅಣಕಿಸುತ್ತಿದ್ದರು. ಅಧ್ಯಕ್ಷರು ಅಂಗಡಿ ಮುಚ್ಚಿ ಆ ಹಾದಿಯಲ್ಲೇ ಮನೆಗೆ ಹೋಗುವರು. ನನ್ನನ್ನು ಕಂಡು, "ಏನವಾ, ಗೆದ್ದಾಕಿ, ಬಸ್ಸು ಬಂತೇನು?" ಎಂದು ಕೇಳದೆ ಮುಂದೆ ಹೋದದ್ದಿಲ್ಲ. ಸಿಟ್ಟು ಬರುತ್ತಿತ್ತು. ಅವರು ಒಂದು ಶನಿವಾರ ಆ ಕಡೆ ಬಾರದಿದ್ದರೆ ಏನೋ ಕಳೆದುಕೊಂಡಂತೆಯೂ ಆಗುತ್ತಿತ್ತು. ಎರಡೂ ನಿಜ.

ಆಮೇಲೆ ಆ ಸಭೆ ಬಂತು. ಗಂಗಾವತಿಯ ಕಡೆಯವರೊಬ್ಬರು ಗೋದಾಮನ್ನು ಟ್ಯೂಷನ್ ಕ್ಲಾಸಿಗೆ ಕೇಳುತ್ತಿದ್ದಾರೆ ಎಂದು ಬೀಜ-ಗೊಬ್ಬರದವರು ಸುದ್ದಿ ತಂದರು. ಕೊಟ್ಟರೆ ಪೂರ್ತಿ ಕೊಡಬೇಕು. ಸಂಜೆಯ ಕಲಿಕೆ, ಶನಿವಾರದ ತಾಲೀಮು ಎರಡೂ ಬಂದ್. ವರ್ಷಕ್ಕೊಂದು ಆಟ ಆಡಿಸಿದರೆ ಟ್ರಸ್ಟಿನ ಹೆಸರಿಗೆ ಸಾಕು ಎಂದರು. ಅಧ್ಯಕ್ಷರು ಇದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ ಎಂದುಕೊಂಡು ನಾನು ನಿರಾಳವಾಗಿದ್ದೆ. ಅವರು ಲೋಡಿಗೆ ಒರಗಿ ಹೇಳಿದರು: "ಕೊಡೋದ ಛಲೋ ಅನಸ್ತೈತಿ ನನಗ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

"ಯಾಕ್ರಿ?"

"ಈಗ ಬಯಲಾಟ ಯಾರು ನೋಡ್ತಾರವಾ? ಎಲ್ಲಾರ ಕೈಯಾಗೂ ಫೋನ್ ಐತಿ."

"ಫೋನ್ ಇದ್ದ ಹುಡುಗೇರ ತಳಕಲ್ಲಿಂದ ಬರಾಕತ್ತಾರ. ನೋಡಾಕ ಅಲ್ರಿ, ಕುಣ್ಯಾಕ!"

"ಕಲಿಯಾವ್ರು ಮನಿಯಾಗ ಕಲೀಲಿ."

"ಯಾರ ಮನಿಯಾಗ್ರಿ? ಅವರ ಮನ್ಯಾಗ ಬಿಡಂಗಿಲ್ಲ, ಗುಡಿ ಕಟ್ಟಿ ಮ್ಯಾಲೂ ಬಿಡಂಗಿಲ್ಲ. ಅವ್ರಿಗೆ ಇರೋದು ಇದೊಂದ ಜಾಗ. ಇದನ್ನ ಮುಚ್ಚಿದ್ರ ಗೆಜ್ಜಿ ಗೂಟಕ್ಕ ಹಾಕಬೇಕು, ಅಷ್ಟ. ಇಲ್ಲಂದ್ರ ನಿಮ್ಮ ಪಡಸಾಲಿ ಕೊಡ್ತೀರೇನು? ಕೊಟ್ರ ಈಗ ಸುಮ್ಮನಾಗ್ತೀನಿ."

ಬೀಜ-ಗೊಬ್ಬರದವರೂ ಬಾಯಿಗೆ ಟವೆಲ್ಲು ಅಡ್ಡ ಹಿಡಿದು ನಕ್ಕುಬಿಟ್ಟರು. ಅಧ್ಯಕ್ಷರು ಇನ್ನೂ ಒಂದೆರಡು ಮಾತು ಆಡಿದರು. ಒಂದಕ್ಕೂ ಬಲವಿರಲಿಲ್ಲ. ಯಾರೂ ಟ್ಯೂಷನ್ನಿನ ಪರವಾಗಿ ಉಳಿಯಲಿಲ್ಲ. ಅವರು ಸೊಂಟದಿಂದ ಗೋದಾಮಿನ ಕೀಲಿಗೊಂಚಲು ತೆಗೆದು ಜಮಖಾನದ ಮೇಲೆ ನನ್ನತ್ತ ಸರಿಸಿದರು.

"ಗೆದ್ದಿ, ತಂಗಿ. ಇನ್ನ ಹೊರು."

"ಏನ್ ಹೊರ್ಲಿ?"

"ಇದನ್ನ. ಪೂರಾ. ನಡೀಬೇಕು ಅಂದಾಕಿ ನೀನಲ್ಲ?"

ಎಂದವರೇ ಎದ್ದು, ಬಾಗಿಲ ಬಳಿ ಜಮಖಾನದ ಅಂಚಿಗೆ ಹೋಗಿ ಕುಳಿತರು. ಲೋಡು ಖಾಲಿಯಾಗಿತ್ತು. ಹೆಡ್‌ಮಾಸ್ತರರಿಗೆ ಪೂರ್ತಿ ಎಚ್ಚರವಾದದ್ದನ್ನು ನಾನು ಮೊದಲ ಬಾರಿ ನೋಡಿದ್ದು ಅವತ್ತೇ.

ಕೆಲವು ದಿನ ಕಳೆದ ಮೇಲೆ ಹೆಡ್‌ಮಾಸ್ತರರೇ ಹೇಳಿದರು: ಗೋದಾಮಿನ ಹಿಂದಿನ ಗೋಡೆ ಬಿರುಕು ಬಿಟ್ಟಿದೆ, ಅಧ್ಯಕ್ಷರು ಸಭೆಗೆ ಮೊದಲೇ ಗಾರೆ ಕೆಲಸದ ಗೌಂಡಿಯನ್ನು ಕರೆಸಿ ತೋರಿಸಿದ್ದರು, ಅತ್ತ ಯಾರೂ ಸುಳಿಯದಂತೆ ಅಡ್ಡಗಟ್ಟಿಸಿದ್ದೂ ಅವರೇ. ನನ್ನ ತಲೆ ಹೊಕ್ಕದ್ದು ಗೋಡೆಯ ಚಿಂತೆಯಲ್ಲ. ಆ ಸಭೆಯಲ್ಲಿ ಅವರು "ಗೋಡಿ ಬಿರಿದೈತಿ, ಹೆಣ್ಣುಮಕ್ಕಳನ್ನ ಇದರೊಳಗ ಹೆಂಗ ಬಿಡೂದು?" ಎಂದು ಕೇಳಿದ್ದರೆ ಮುಗಿದಿತ್ತು. ನನ್ನ ವಾದ ಅಲ್ಲೇ ಬಿದ್ದುಹೋಗುತ್ತಿತ್ತು. ಇಷ್ಟು ದೊಡ್ಡ ಅಸ್ತ್ರ ಕೈಯಲ್ಲಿಟ್ಟುಕೊಂಡು, ಫೋನಿನ ಮಾತು ಆಡಿದ್ದರು! ದಿನಾ ಗಿರಾಕಿಗಳ ಜೊತೆ ಚೌಕಾಶಿ ಮಾಡುವ ಮನುಷ್ಯ ಹೀಗೆ ಮರೆಯುವುದುಂಟೇ?

ನೇರ ಅಂಗಡಿಗೆ ಹೋದೆ. ಸೀರೆ ಮಡಚುತ್ತಿದ್ದರು.

"ಗೋಡಿ ಮಾತು ಯಾಕ ಎತ್ತಲಿಲ್ರಿ?"

ಮಡಿಕೆಯ ಮೇಲೆ ಅಂಗೈ ಆಡಿಸಿದರು. "ಎತ್ತಿದ್ರ ನಾನ ಗೆಲ್ತಿದ್ದೆ. ಗೆದ್ರ, ಮುಚ್ಚೋದನ್ನ ನಾನ ಹೊರಬೇಕಿತ್ತು… ಆ ಹುಡುಗೇರ ಮುಂದ ನಿಂತು ಬರಬ್ಯಾಡ್ರವಾ ಅನ್ನಬೇಕಿತ್ತು. ಅಷ್ಟು ತ್ರಾಣ ನನಗಿಲ್ಲ ತಂಗಿ. ಬಾಗಲಾ ತೆರೆದಿಡಾಕೂ ತ್ರಾಣಿಲ್ಲ, ಮುಚ್ಚಾಕೂ ಇಲ್ಲ. ನಿನಗೈತಿ."

"ಇದು ಮೋಸ ಅಲ್ಲೇನ್ರಿ?"

"ವಾದ ಮಾಡು ಹಂಗಾರ. ಗೆದ್ರ ಗೋಡಿನೂ ನೀನ ಕಟ್ಟಸಬೇಕು."

ನಾನೇ ಕಟ್ಟಿಸಿದೆ, ಬೇರೆ ದಾರಿ ಎಲ್ಲಿತ್ತು? ಗೋಡೆ ಏಳುವವರೆಗೆ ತಾಲೀಮು ಅಂಗಳದ ಬೇವಿನ ಮರದ ಕೆಳಗೆ ನಡೆಯಿತು. ಅವರು ದಿನಾ ಬಂದು ಕಟ್ಟೆಯ ಮೇಲೆ ಕುಳಿತು, ಗೌಂಡಿಗೆ ಬುದ್ಧಿ ಹೇಳಿ ಬೈಸಿಕೊಂಡು, ಹುಡುಗಿಯರ ಕುಣಿತಕ್ಕೆ ತೊಡೆ ತಟ್ಟುತ್ತಾ ಇದ್ದುಬಿಡುತ್ತಿದ್ದರು. ಅಷ್ಟು ಹಗುರಾಗಿ ಕುಳಿತ ಮನುಷ್ಯನನ್ನು ನಾನು ಆಮೇಲೆ ನೋಡಿಲ್ಲ… ಹೋದ ವರ್ಷ ಬಿಳಿಜೋಳದ ಸುಗ್ಗಿಯ ಹೊತ್ತಿಗೆ ಅವರು ತೀರಿಕೊಂಡರು. ಅಂಗಡಿಯನ್ನು ಮಗ ನಡೆಸುತ್ತಿದ್ದಾನೆ.

ಇವತ್ತಿನ ಸಭೆಯೂ ಮುಗಿಯಿತು. ಹೊಸದಾಗಿ ಬಂದ ಟ್ರಸ್ಟಿಯೊಬ್ಬ, ನನಗಿಂತ ಚಿಕ್ಕವನು, ಆಟವನ್ನು ಗಂಗಾವತಿ ಕಡೆಯ ಶ್ರೀರಾಮನಗರಕ್ಕೆ ಒಯ್ಯಬೇಕೆಂದು ಹಟ ಹಿಡಿದ. ವಿರೋಧಿಸಿದೆ. ಅಲ್ಲಿನ ತೆಲುಗು ಮಂದಿಗೆ ನಮ್ಮ ಆಟದ ಪದಗಳು ಬೇಕೋ ಬೇಡವೋ ಎಂದು ಯಾರನ್ನಾದರೂ ಕೇಳಿದ್ದೀಯಾ ಎನ್ನುವ ಪ್ರಶ್ನೆ ನಾಲಗೆಯ ತುದಿಗೆ ಬಂದಿತ್ತು. ಅವನು ಕೇಳಿಲ್ಲ, ಮುಖದಲ್ಲೇ ಕಾಣುತ್ತಿತ್ತು. ನುಂಗಿಕೊಂಡೆ. ಹೋಗಲಿ, ಹೋಗಿಯೇ ಕೇಳಿಕೊಂಡು ಬರಲಿ. ಬದಲಿಗೆ, "ಭಾಳ ದೂರ ಆಕ್ಕೈತಲ್ಲೋ," ಎಂದೆ. ಅವನು ಸಲೀಸಾಗಿ ಗೆದ್ದ.

ರೂಢಿ ತರ್ಕಕ್ಕೆ ನಿಲ್ಲುವುದಿಲ್ಲ ಎಂಬ ನನ್ನ ವಾದ ಇವತ್ತಿಗೂ ಹಾಗೇ ಇದೆ. ಆದರೂ ಸೋತ ಮೇಲೆ ನನ್ನ ಕಣ್ಣು ತಾನಾಗಿ ಬಾಗಿಲ ಬಳಿಗೆ, ಜಮಖಾನದ ಆ ಅಂಚಿಗೆ ಹೋಯಿತು. ನಾನು ಬೇಕೆಂದೇ ಸೋತದ್ದನ್ನು ಹಿಡಿಯಬಲ್ಲವರು ಒಬ್ಬರೇ ಇದ್ದರು. ಆ ಜಾಗ ಖಾಲಿಯಿತ್ತು.