ನರ್ಸಬಾಯಿಯ ಚೀಲದಲ್ಲಿದ್ದ ಚೂರಿ

ನನ್ನ ಚೀಲದಲ್ಲಿ ಏನೇನಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಆಗ ನಾನು ಬೇಲೆಕೇರಿ ಕಡೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಆಗಿದ್ದೆ. ಜನರ ಬಾಯಲ್ಲಿ ನರ್ಸಬಾಯಿ. ಬಸುರಿಯರು, ಬಾಣಂತಿಯರು, ಕೂಸುಗಳು, ಜ್ವರ ಬಂದು ಮಲಗಿದವರು ಎಂದು ಮನೆಮನೆ ತಿರುಗುವ ಕೆಲಸ. ಕಡಲ ದಂಡೆಯ ಮೀನುಗಾರರ ಕೇರಿಯಿಂದ ಗುಡ್ಡದ ಬುಡದ ಗದ್ದೆಮನೆಗಳವರೆಗೆ ನಡೆದೇ ಹೋಗಬೇಕು. ಇಲಾಖೆ ಕೊಟ್ಟ ಔಷಧಿ ಪೆಟ್ಟಿಗೆಯನ್ನು ಸಂಜೆ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಹೆಗಲಿಗೆ ಹಾಕಿದ ಚೀಲ ಮಾತ್ರ ನನ್ನದು, ನನ್ನ ಜೊತೆಗೇ ಮನೆಗೆ ಬರುತ್ತಿತ್ತು.

ಖಾಕಿ ಬಣ್ಣದ ದಪ್ಪ ಬಟ್ಟೆಯ ಚೀಲ ಅದು. ಕೆಲಸಕ್ಕೆ ಸೇರಿದ ವರ್ಷ ಕಾರವಾರದ ಪೇಟೆಯಲ್ಲಿ ಕೊಂಡದ್ದು. ಅದರ ಪಟ್ಟಿ ಎಷ್ಟು ಸಲ ಹರಿಯಿತೋ, ಅಂಕೋಲೆಯ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವನು ಅಷ್ಟು ಸಲ ಹೊಲಿದು ಕೊಟ್ಟಿದ್ದ. ಹೊಸದು ತಕಳ್ಳಿ ಬಾಯಿ ಎಂದು ಅವನು ಒಮ್ಮೆಯೂ ಹೇಳಲಿಲ್ಲ, ಅದಕ್ಕೇ ಅವನ ಬಳಿ ಹೋಗುತ್ತಿದ್ದೆ. ಒಳಗೆ ಎರಡು ಸೆಲ್ಲಿನ ಸ್ಟೀಲ್ ಬ್ಯಾಟರಿ ದೀಪ, ನೀರಿನ ಬಾಟಲಿ, ಒಂದು ತುಂಡು ಹಗ್ಗ, ಒಂದು ಟವೆಲು. ಉದ್ದ ಹಿಡಿಯ ಕರಿ ಕೊಡೆ ಚೀಲದ ಬಾಯಿಯಿಂದ ಹೊರಗೆ ಇಣುಕುತ್ತಿತ್ತು. ಮಡಚುವ ಕೊಡೆ ನಮ್ಮ ಕಡಲ ಗಾಳಿಗೆ ಒಂದು ಮಳೆಗಾಲವೂ ತಾಳುವುದಿಲ್ಲ. ಈ ಕೊಡೆ ಮಳೆಗೂ ಆಯಿತು, ಬಿಸಿಲಿಗೂ ಆಯಿತು, ಕೇರಿಯ ನಾಯಿಗಳಿಗೂ ಆಯಿತು.

ಎಲ್ಲಕ್ಕಿಂತ ತಳದಲ್ಲಿ ಚೂರಿ. ಅದನ್ನು ಕೊಟ್ಟವಳು ನನ್ನ ಹೆತ್ತಬ್ಬೆ. ನನ್ನ ತವರು ಕದ್ವಾಡ. ಅಬ್ಬೆ ಹುಟ್ಟಿದಾಗಿನಿಂದ ಗದ್ದೆಯಲ್ಲೇ ಬದುಕಿದವಳು. ಪರಿಚಯದ ಆಚಾರಿಯಿಂದ ತನಗೆಂದು ಮಾಡಿಸಿಕೊಂಡ ಚೂರಿಯನ್ನು ನನಗೆ ಕೆಲಸ ಸಿಕ್ಕಿದ ದಿನ ಒರೆಯ ಸಮೇತ ಕೈಯಲ್ಲಿಟ್ಟಳು. ಗೇಣಿಗಿಂತ ಚಿಕ್ಕದು, ಹಲಸಿನ ಮರದ ಹಿಡಿ, ಅಬ್ಬೆಯ ಅಂಗೈಗೆ ಸವೆದು ನುಣ್ಣಗಾಗಿತ್ತು. ಊರೂರು ತಿರುಗುವ ಹೆಣ್ಣಿನ ಹತ್ತಿರ ಒಂದು ಕಬ್ಬಿಣ ಇರಲಿ ಎಂದಳು. ಗಂಡಸರಿಗೆ ಹೆದರಿ ಹೇಳಿದಳೋ ದೆವ್ವಕ್ಕೆ ಹೆದರಿ ಹೇಳಿದಳೋ, ನಾನು ಕೇಳಲಿಲ್ಲ.

ಎರಡಕ್ಕೂ ಅದು ಬೇಕಾಗಲಿಲ್ಲ. ಬೇಕಾದದ್ದು ಬೇರೆ ಕೆಲಸಗಳಿಗೆ. ಪೇರಲೆ ಹಣ್ಣು ಹೆಚ್ಚಲು, ಬಾಳೆ ಎಲೆ ಕೊಯ್ಯಲು, ಗಂಟು ಬಿಚ್ಚದ ಹಗ್ಗ ಕತ್ತರಿಸಲು. ಒಮ್ಮೆ ತುಂಬಿದ ಬಸುರಿಯೊಬ್ಬಳು ಗಂಡನ ಬೈಕಿನ ಹಿಂದೆ ಕೂತು ಬರುತ್ತಿದ್ದಾಗ ಸೀರೆಯ ಸೆರಗು ಚಕ್ರಕ್ಕೆ ಸುತ್ತಿಕೊಂಡು ಅವಳು ಅರ್ಧ ಕೆಳಗೆ ಜೋತುಬಿದ್ದಿದ್ದಳು. ಗಂಡ ಬೈಕನ್ನು ಹಿಡಿದುಕೊಂಡು ನಿಂತಿದ್ದ. ನಾನು ಸೆರಗನ್ನು ಕೊಯ್ದು ಅವಳನ್ನು ಬಿಡಿಸಿದೆ. ಅವತ್ತಿನಿಂದ ನರ್ಸಬಾಯಿಯ ಚೂರಿ ಎಂದರೆ ಕೇರಿಯಲ್ಲಿ ಒಂದು ಕತೆಯೇ ಆಯಿತು. ಮದುವೆ ಮನೆಗೆ ಹೋದರೆ ಅಡಿಗೆಯವರು ಕೂಡ, ಬಾಯಿ, ನಿಮ್ಮ ಚೂರಿ ಇದ್ರೆ ಕೊಡಿ ಎಂದು ಕೇಳುತ್ತಿದ್ದರು.

ಆ ಚೂರಿಯನ್ನು ಎಲ್ಲರಿಗಿಂತ ಹೆಚ್ಚು ಕೇಳುತ್ತಿದ್ದವನು ನನ್ನ ಮೈದುನ. ನಾನು ಮದುವೆಯಾಗಿ ಬಂದಾಗ ಅವನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಕದ್ವಾಡಕ್ಕೆ ಹೋಗುವಾಗೆಲ್ಲ ಜೊತೆಗೆ ಬರುತ್ತಿದ್ದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮಾವಿನಕಾಯಿ ಹೆಚ್ಚಿಸಿಕೊಂಡು, ಉಪ್ಪು ಖಾರದ ಪೊಟ್ಟಣ ಬಿಚ್ಚಿ, ನನಗೊಂದು ಹೋಳು ತನಗೆ ಎರಡು ಎಂದು ತಿನ್ನುತ್ತಿದ್ದ. ಬೆಳೆದ ಮೇಲೆ ಬೇರೆ ಮನೆ ಮಾಡಿಕೊಂಡು ಅಲ್ಲಿ ಇಲ್ಲಿ ಕೆಲಸ ಮಾಡಿದ. ಯಾವುದೂ ಹಿಡಿಸಲಿಲ್ಲ. ಬೇಲೆಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಬರತೊಡಗಿದಾಗ ಅವನೂ ಒಂದು ಲಾರಿ ತಂದ. ನಮ್ಮ ಮನೆಯ ಅಂಗಳದಲ್ಲೇ ಅದಕ್ಕೆ ಪೂಜೆ. ಚಕ್ರಕ್ಕೆ ಇಡುವ ನಿಂಬೆಹಣ್ಣುಗಳನ್ನು ಕೊಯ್ದು ಕುಂಕುಮ ಹಚ್ಚಿ ಕೊಟ್ಟವಳು ನಾನು. ಅತ್ಗೆ ಕೊಯ್ದ್ರೇ ಆಗೂದು ಎಂದು ಅವನೇ ಹಟ ಹಿಡಿದಿದ್ದ.

ಲಾರಿಗಳು ಬಂದ ಮೇಲೆ ಊರಿನ ಬಣ್ಣ ಬದಲಾಯಿತು. ಮಾಡಿನ ಹಂಚು ಮೊದಲೇ ಕೆಂಪು, ಈಗ ಅದಿರಿನ ಧೂಳಿಗೆ ಗೋಡೆ ಕೆಂಪು, ತೆಂಗಿನ ಗರಿ ಕೆಂಪು, ಒಣಗಲು ಹಾಕಿದ ಸೀರೆ ಕೆಂಪು. ದಂಡೆಯಲ್ಲಿ ಒಣಗಲು ಹರವಿದ ಮೀನಿನ ಮೇಲೆ ಧೂಳು ಕೂತು, ಸಂತೆಯಲ್ಲಿ ಗಿರಾಕಿಗಳು ಕೈಯಲ್ಲಿ ಎತ್ತಿ ನೋಡಿ ಹಾಗೇ ಇಟ್ಟು ಹೋಗುತ್ತಿದ್ದರು. ಉಪಕೇಂದ್ರಕ್ಕೆ ಕೆಮ್ಮು ಎಂದು ಬರುವವರು ಹೆಚ್ಚಾದರು. ನಾನು ಕೊಡುವ ಔಷಧಿಗೆ ಆ ಕೆಮ್ಮು ಬಗ್ಗುತ್ತಿರಲಿಲ್ಲ. ಕೊನೆಗೊಂದು ದಿನ ಕೇರಿಯ ಹೆಂಗಸರು ಬುಟ್ಟಿಗಳನ್ನು ಅಡ್ಡ ಇಟ್ಟು ರಸ್ತೆಯ ಮೇಲೆ ಕೂತುಬಿಟ್ಟರು.

ನಾನು ಕೂರಲಿಲ್ಲ. ಸರಕಾರಿ ಕೆಲಸದವಳು, ಕೂರುವ ಹಾಗಿರಲಿಲ್ಲ. ಆದರೆ ನನ್ನ ದಾರಿ ಅದೇ. ಅಲ್ಲೊಬ್ಬಳು ಬಿಸಿಲಿಗೆ ತಲೆ ತಿರುಗಿ ವಾಲಿದಳು. ಅವಳನ್ನು ನನ್ನ ಕೊಡೆಯ ನೆರಳಿನಲ್ಲಿ ಕೂರಿಸಿ, ಟವೆಲು ಒದ್ದೆ ಮಾಡಿ ಮುಖ ಒರೆಸಿ, ಬಾಟಲಿಯ ನೀರು ಕುಡಿಸಿದೆ. ತಲೆ ಎತ್ತಿದಾಗ ನಿಂತ ಲಾರಿಗಳ ಸಾಲಿನಲ್ಲಿ ನನ್ನ ಮೈದುನನ ಲಾರಿ ಕಾಣಿಸಿತು. ಅವನು ಒಳಗಿನಿಂದ ನನ್ನನ್ನೇ ನೋಡುತ್ತಿದ್ದ. ನಾನು ನಕ್ಕೆ. ಅವನು ನಗಲಿಲ್ಲ. ಬಿಸಿಲಿಗೆ ಬೇಸರ ಬಂದಿರಬೇಕು ಎಂದುಕೊಂಡು ನನ್ನ ಕೆಲಸಕ್ಕೆ ಹೋದೆ.

ಮರುದಿನ ಬೆಳಿಗ್ಗೆ ಸುದ್ದಿ ಬಂತು. ರಸ್ತೆ ಬದಿಗೆ ನಿಲ್ಲಿಸಿದ್ದ ಲಾರಿಗಳಲ್ಲಿ ಕೆಲವುಗಳ ತಾಡಪಾಲಿನ ಹಗ್ಗ ಕೊಯ್ದು, ಟಯರಿಗೆ ಚುಚ್ಚಿದ್ದರಂತೆ. ಅದರಲ್ಲಿ ಮೈದುನನ ಲಾರಿಯೂ ಒಂದು. ಕೇಳಿ ನನಗೆ ಸಂಕಟವಾಯಿತು. ಸಂಜೆ ಹೋಗಿ ಮಾತಾಡಿಸಬೇಕು ಎಂದುಕೊಂಡೆ.

ಅವತ್ತು ಮಕ್ಕಳಿಗೆ ಚುಚ್ಚುಮದ್ದು ಹಾಕುವ ದಿನ. ಉಪಕೇಂದ್ರದ ಜಗಲಿ ತುಂಬ ಕೂಸುಗಳನ್ನು ಎತ್ತಿಕೊಂಡ ತಾಯಂದಿರು. ಹೊತ್ತು ಏರುವ ಮೊದಲೇ ಹವಾಲ್ದಾರನೊಬ್ಬ ಒಬ್ಬ ಪೊಲೀಸನನ್ನು ಕರೆದುಕೊಂಡು ಬಂದ. ಒರಟನಲ್ಲ. ತನ್ನ ಮೊಮ್ಮಗಳಿಗೂ ನಾನೇ ಚುಚ್ಚುಮದ್ದು ಹಾಕಿದ್ದೆ ಎಂದು ಅವನೇ ನೆನಪಿಸಿದ. ಆಮೇಲೆ ನಿಧಾನವಾಗಿ ಹೇಳಿದ: "ನರ್ಸಬಾಯಿ, ನಿಮ್ಮ ಚೀಲ ಒಂಚೂರು ನೋಡ್ಬೇಕಿತ್ತು."

ನಾನು ಚೀಲ ಕೊಟ್ಟೆ. ಅವನು ಮೇಜಿನ ಮೇಲೆ ಒಂದೊಂದಾಗಿ ತೆಗೆದಿಟ್ಟ. ಆ ಸಾಮಾನುಗಳನ್ನೆಲ್ಲ ಅಲ್ಲಿದ್ದ ಹೆಂಗಸರು ನೂರು ಸಲ ನೋಡಿದ್ದರು. ಆದರೆ ಪೊಲೀಸಿನ ಕೈಯಲ್ಲಿ ಅವು ಬೇರೆ ಏನೋ ಆಗಿ ಕಂಡವು. ಬ್ಯಾಟರಿ ಕಂಡಾಗ ನಾನು ಕತ್ತಲಲ್ಲಿ ತಿರುಗುವ ಹೆಂಗಸಿನ ಹಾಗೆ, ಹಗ್ಗ ಕಂಡಾಗ ಇನ್ನೇನೋ. ಚೂರಿ ಬಂದಾಗ ತಾಯಂದಿರು ಕೂಸುಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಅವನು ಒರೆಯಿಂದ ತೆಗೆದು ಅಲಗನ್ನು ಬೆಳಕಿಗೆ ಹಿಡಿದು ನೋಡಿ, ಕಾಗದದಲ್ಲಿ ಸುತ್ತಿದ.

ಯಾರು ಹೇಳಿದ್ದು ಎಂದು ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ.

"ನಿಮ್ಮ ಮನೆಯವ್ರೇ ಹೇಳಿದ್ದು ಬಾಯಿ. ಅತ್ಗೆ ಚೀಲದಲ್ಲಿ ಯಾವಾಗ್ಲೂ ಚೂರಿ ಇರ್ತದೆ, ನಿನ್ನೆ ಆ ಹೆಂಗಸರ ಜೊತೆ ಇದ್ರು ಅಂದ."

ಅವರು ಹೋದ ಮೇಲೆ ಉಳಿದ ಮಕ್ಕಳಿಗೆ ಚುಚ್ಚುಮದ್ದು ಹಾಕಿದೆ. ಆದರೆ ಇಬ್ಬರು ತಾಯಂದಿರು ಮಗುವಿಗೆ ಮೈ ಬಿಸಿ ಇದೆ, ಇನ್ನೊಂದು ಸಲ ಬರುತ್ತೇವೆ ಎಂದು ಎದ್ದು ಹೋದರು. ಮೈ ಬಿಸಿ ಇರಲಿಲ್ಲ, ನಾನು ಮುಟ್ಟಿ ನೋಡಿದ್ದೆ.

ಸಂಜೆ ಮನೆಯಲ್ಲಿ ನನ್ನ ಗಂಡ ಚಹಾ ಕುಡಿಯುತ್ತ ಕೂತಿದ್ದರು. ಅವರು ಅಂಕೋಲೆಯಲ್ಲಿ ಗುಮಾಸ್ತರು, ಯಾರ ತಂಟೆಗೂ ಹೋಗದವರು ಎಂದು ಹೆಸರು ಪಡೆದವರು. ನಡೆದದ್ದನ್ನೆಲ್ಲ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು. ತಮ್ಮ ಠಾಣೆಗೆ ಹೋಗುವ ಮೊದಲು ಅಣ್ಣನ ಹತ್ತಿರ ಮಾತಾಡಿಯೇ ಹೋಗಿದ್ದ.

"ಅವ ಸುಳ್ಳು ಹೇಳಿದ್ನಾ?" ಎಂದರು. "ನಿನ್ನ ಹತ್ರ ಚೂರಿ ಇದ್ದದ್ದು ಹೌದು, ನೀನು ಅಲ್ಲಿ ನಿಂತಿದ್ದೂ ಹೌದು. ಕೇಳಿದ್ರು, ಇದ್ದದ್ದು ಹೇಳ್ದ. ಅವನ ಲಾರಿ ಟಯರು ಹೋಗಿದೆ, ಅದನ್ನೂ ನೋಡ್ಬೇಕಲ."

"ನಾನೇ ಮಾಡಿದ್ದು ಅಂತ ನಿಮ್ಗೆ ಅನ್ನಿಸ್ತದಾ?" ಎಂದೆ.

"ನಾ ಹಂಗೆ ಹೇಳ್ಲಿಲ್ಲಲ."

ಇಲ್ಲ ಎಂದು ಹೇಳಲಿಲ್ಲ. ಆ ಸಂಜೆ ಒಂದೇ ಒಂದು ಸಲ ಇಲ್ಲ ಎಂದಿದ್ದರೆ ಸಾಕಿತ್ತು. ಅವರು ಲೋಟ ಕೆಳಗಿಟ್ಟು ಪೇಪರು ತೆಗೆದರು.

ಠಾಣೆಗೆ ಕರೆಸಿ ಕೇಳಿದರು, ಮತ್ತೆ ಕರೆಸಿ ಅದನ್ನೇ ಕೇಳಿದರು. ನಮ್ಮ ವೈದ್ಯಾಧಿಕಾರಿ ಒಳ್ಳೆಯವರೇ. ಆದರೆ ಇಲಾಖೆಯ ಹೆಂಗಸು ಚೂರಿ ಇಟ್ಟುಕೊಂಡು ತಿರುಗಿದರೆ ಜನ ಏನೆನ್ನುತ್ತಾರೆ ಎಂದು ಅವರಿಗೆ ಹೆದರಿಕೆ. ಗಲಾಟೆ ತಣಿಯುವವರೆಗೆ ಎಂದು ನನ್ನನ್ನು ಕಾರವಾರದ ಕಡೆಗೆ, ಚೆಂಡಿಯಾದ ಹತ್ತಿರದ ಉಪಕೇಂದ್ರಕ್ಕೆ ಕಳಿಸಿದರು. ದಿನಾ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವುದು. ಅಲ್ಲಿಯ ಬಹಳ ಮನೆಗಳು ನೌಕಾನೆಲೆಗೆ ಜಾಗ ಬಿಟ್ಟು ಎದ್ದು ಬಂದವರದು. ಹೊಸಬಳು ಯಾಕೆ ಬಂದಳು ಎಂದು ಅವರು ವಿಚಾರಿಸಲಿಲ್ಲ. ಬೇಲೆಕೇರಿಯಲ್ಲಿ ನನ್ನನ್ನು ಕಳಿಸಿಕೊಡಲು ಯಾರೂ ಬರಲಿಲ್ಲ. ರಸ್ತೆಯಲ್ಲಿ ಕೂತ ಹೆಂಗಸರಿಗೆ ನಾನು ಲಾರಿಯವನ ಅತ್ತಿಗೆ, ಲಾರಿಯವರಿಗೆ ನಾನು ಆ ಹೆಂಗಸರ ಕಡೆಯವಳು.

ನಿಜ ಸಂಗತಿ ಗೊತ್ತಾದದ್ದು ಮಳೆಗಾಲ ಹತ್ತಿರವಾದಾಗ, ಬಸ್ಸಿನಲ್ಲಿ, ಮೀನು ಮಾರುವ ಒಬ್ಬ ಹೆಂಗಸಿನಿಂದ. ಅವಳು ಬುಟ್ಟಿ ಕಾಲ ಬಳಿ ಇಟ್ಟುಕೊಂಡು ನನ್ನ ಪಕ್ಕ ಕೂತಳು. ಬೇರೆ ಜಿಲ್ಲೆಯ ಲಾರಿಯ ಡ್ರೈವರನೊಬ್ಬ ಸಾಲಿನಲ್ಲಿ ಮುಂದೆ ಹೋಗುವ ಜಗಳದಲ್ಲಿ ಆ ಕೆಲಸ ಮಾಡಿದ್ದನಂತೆ, ಒಪ್ಪಿಕೊಂಡೂ ಆಗಿದೆಯಂತೆ. ನಿಮ್ಮ ಮೈದುನನಿಗೆ ಆಗಲೇ ಗೊತ್ತು, ನಿಮಗೆ ಹೇಳಲಿಲ್ಲವಾ ಎಂದು ಅವಳು ಆಶ್ಚರ್ಯಪಟ್ಟಳು. ಹೇಳಿದ್ದಾನೆ ಎಂದೆ. ಅವಳ ಎದುರು ಮನೆಯ ಮಾನ ತೆಗೆಯಲು ಮನಸ್ಸಾಗಲಿಲ್ಲ.

ಮರುದಿನ ಅರ್ಧ ದಿನ ರಜೆ ಹಾಕಿ ಠಾಣೆಗೆ ಹೋದೆ. ಅದೇ ಹವಾಲ್ದಾರ ಇದ್ದ. ನನ್ನನ್ನು ಕಂಡು ಎದ್ದು ನಿಂತು ಕುರ್ಚಿ ಕೊಟ್ಟ. ಚೂರಿ ವಾಪಸು ಬೇಕು ಎಂದೆ. ಅವನು ಗಲಿಬಿಲಿಗೊಂಡ.

"ನಿಮ್ಮ ಯಜಮಾನ್ರು ತಕಂಡು ಹೋಗಿದ್ದಾರಲ್ಲ ಬಾಯಿ. ಆವಾಗ್ಲೇ."

ನನಗೆ ಆ ಕ್ಷಣ ಖುಷಿಯೇ ಆಯಿತು ಎಂದರೆ ಈಗ ನಗು ಬರುತ್ತದೆ. ನನಗಾಗಿ ಹೋಗಿ ಬಿಡಿಸಿಕೊಂಡು ಬಂದಿದ್ದಾರೆ, ಹೇಳಲು ನಾಚಿಕೆಯಾಗಿ ಎಲ್ಲೋ ತೆಗೆದಿಟ್ಟಿದ್ದಾರೆ ಎಂದುಕೊಂಡು ಮನೆಗೆ ಬಂದೆ. ಅವರು ಊಟಕ್ಕೆ ಬಂದಾಗ ಬಡಿಸುತ್ತ ಕೇಳಿದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. ಬರುವಾಗ ಸೇತುವೆಯ ಮೇಲೆ ಸ್ಕೂಟರು ನಿಲ್ಲಿಸಿ ಹೊಳೆಗೆ ಎಸೆದೆ ಎಂದರು.

ಅದು ನನ್ನ ಅಬ್ಬೆಯದು ಎಂದೆ.

"ಗೊತ್ತು. ಅದು ಮನೆಯಲ್ಲಿ ಇದ್ರೆ ತಮ್ಮ ಈ ಮನೆ ಮೆಟ್ಟಿಲು ಹತ್ತುದಿಲ್ಲ. ಅವನಿಗೂ ಒಂದು ನಾಚಿಕೆ ಇರ್ತದಲ. ನಾಳೆ ಚೌತಿ ಬಂದ್ರೆ ಎಲ್ರೂ ಒಟ್ಟಿಗೆ ಕೂತು ಉಣ್ಬೇಕಾದವ್ರು. ಒಂದು ಚೂರಿಗೆ ಮನೆ ಒಡಿಯುಕೆ ಆಗ್ತದಾ?"

ಅವನ ನಾಚಿಕೆಗೆ ಜಾಗ ಮಾಡಲು ನನ್ನದನ್ನು ಎಸೆಯಬೇಕಾಗಿತ್ತು. ಅಬ್ಬೆ ಆಗಲೇ ತೀರಿಕೊಂಡಿದ್ದಳು. ಅವಳ ಸೀರೆಗಳನ್ನು ಅತ್ತಿಗೆಯಂದಿರು ಹಂಚಿಕೊಂಡಿದ್ದರು, ಬಳೆ ತಂಗಿಗೆ ಹೋಗಿತ್ತು. ನನ್ನ ಪಾಲಿಗೆ ಏನೂ ಬೇಡ, ನನ್ನ ಹತ್ತಿರ ಚೂರಿ ಇದೆ ಎಂದು ನಾನೇ ಹೇಳಿ ಬಂದಿದ್ದೆ.

ಚೌತಿಗೆ ಮೈದುನ ಬಂದ. ಎಲ್ಲರ ಜೊತೆ ಎಲೆಯ ಮುಂದೆ ಕೂತ. ನಾನು ಬಡಿಸಿದೆ. ಪಾಯಸ ಹಾಕಲು ಬಗ್ಗಿದಾಗ ತಗ್ಗಿದ ದನಿಯಲ್ಲಿ, "ಅತ್ಗೆ, ಆವತ್ತಿಂದು ಮನಸಲ್ಲಿ ಇಟ್ಕಬೇಡಿ. ಸಿಟ್ಟಲ್ಲಿ ಏನೋ ಆಗೋಯ್ತು" ಎಂದ. ನಾನು ಪಕ್ಕದ ಎಲೆಗೆ ಹೋದೆ. ಊಟವಾದ ಮೇಲೆ ಅಣ್ಣ ತಮ್ಮ ಇಬ್ಬರೂ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು, ಬಂದರಿಗೆ ಎಷ್ಟು ಹಡಗು ಬರುತ್ತಿದೆ ಎಂದು ಮಾತಾಡುತ್ತ ಕೂತರು. ಎಲ್ಲ ಮೊದಲಿನ ಹಾಗೇ ಆಯಿತು ಎಂಬ ಸಮಾಧಾನ ನನ್ನ ಗಂಡನ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಗಲಾಟೆ ತಣಿದ ಮೇಲೆ ವಾಪಸು ಬೇಲೆಕೇರಿಗೆ ಹೋಗಬಹುದು ಎಂದು ವೈದ್ಯಾಧಿಕಾರಿ ಹೇಳಿ ಕಳಿಸಿದರು. ನಾನು ಬೇಡವೆಂದೆ. ಚೆಂಡಿಯಾದ ಕಡೆಯ ಉಪಕೇಂದ್ರಕ್ಕೆ ತಾಗಿ ಎರಡು ಕೋಣೆಯ ವಸತಿ ಇತ್ತು, ಬಹಳ ವರ್ಷದಿಂದ ಖಾಲಿ. ಮಾಡು ಸೋರುತ್ತಿತ್ತು. ಅದನ್ನು ಗುಡಿಸಿ, ಸುಣ್ಣ ಹೊಡೆಸಿ, ಒಂದು ಸ್ಟವ್ ತಂದು ಅಲ್ಲೇ ಇರತೊಡಗಿದೆ. ದಿನಾ ಬಸ್ಸಿನಲ್ಲಿ ಓಡಾಡಿ ಬೆನ್ನು ನೋಯುತ್ತದೆ ಎಂದು ಮನೆಯಲ್ಲಿ ಹೇಳಿದೆ. ಗಂಡ ಒಪ್ಪಿದರು. ಭಾನುವಾರ ಬಾ, ಬರುವಾಗ ಕಾರವಾರದಿಂದ ಒಳ್ಳೆಯ ಇಸ್ವಣ ಮೀನು ಸಿಕ್ಕರೆ ತಗೊಂಡು ಬಾ ಎಂದರು.

ಭಾನುವಾರ ಹೋಗುತ್ತೇನೆ. ಮೀನು ಸಿಕ್ಕರೆ ಒಯ್ಯುತ್ತೇನೆ. ಅದನ್ನು ಮನೆಯ ಈಳಿಗೆಮಣೆಯಲ್ಲಿ ಕೊಯ್ದು, ಸಾರು ಮಾಡಿಟ್ಟು, ಕತ್ತಲಾಗುವ ಮೊದಲಿನ ಬಸ್ಸಿಗೆ ಹೊರಡುತ್ತೇನೆ.