ಮೀಟರ್ ಕಾಕಾ ತೆರೆಸಿದ ಬಾಗಿಲು

ಮೀಟರ್ ಕಾಕಾ ಅವರ ಹೆಗಲ ಮೇಲಿನ ಟವೆಲ್ಲಿನ ಒಂದು ತುದಿ ಎಂದೂ ಬೆಳ್ಳಗೆ ಇದ್ದದ್ದನ್ನು ನಾನು ನೋಡಲಿಲ್ಲ. ಒಂದಿಷ್ಟು ಕುಂಕುಮ, ಒಂದಿಷ್ಟು ವಿಭೂತಿ, ಉಳಿದದ್ದು ಅಡುಗೆಮನೆಯ ಮಸಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕರೆಂಟಿನ ಮೀಟರು ದೇವರ ಕೋಣೆಯಲ್ಲೋ ಒಲೆಯ ಪಕ್ಕದಲ್ಲೋ ಇರುತ್ತಿತ್ತು. ಅದರ ಗಾಜು ಒರೆಸಿ ಅಂಕಿ ಓದುವ ಮನುಷ್ಯನ ಟವೆಲ್ ಇನ್ನು ಹೇಗಿದ್ದೀತು?

ಬಸವಕಲ್ಯಾಣದ ನನ್ನ ತವರಿನಲ್ಲಂತೂ ಅವ್ವ ದಿನಾ ಪೂಜೆ ಮುಗಿಸಿ ಮೀಟರಿಗೂ ಮೂರು ಬೆರಳಿನ ವಿಭೂತಿ ಎಳೆಯುತ್ತಿದ್ದಳು. ಮನೆಗೆ ಬೆಳಕು ಕೊಡುವುದು ಅದೇ ಅಲ್ಲವೇ ಎಂಬುದು ಅವಳ ವಾದ. ತಿಂಗಳಿಗೊಮ್ಮೆ ಮೀಟರ್ ಕಾಕಾ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡು ಒಳಗೆ ಹೋಗಿ ಅಲ್ಲಿಂದಲೇ ಕೂಗುತ್ತಿದ್ದರು: “ಯವ್ವಾ, ದೇವರಿಗಿ ಎಷ್ಟರೆ ಹಚ್ರಿ, ನನ್ನ ಅಂಕಿ ಒಂದ್ ಬಿಡ್ರಿ!” ಅವ್ವ ಹೂಂ ಅನ್ನುತ್ತಿದ್ದಳು. ಮುಂದಿನ ತಿಂಗಳು ಮತ್ತೆ ಅದೇ ವಿಭೂತಿ, ಅದೇ ಕೂಗು.

ಅಕ್ಕನನ್ನು ಹುಮನಾಬಾದಿಗೆ ಕೊಟ್ಟರು. ಆಮೇಲೆ ಅವಳ ಮೈದುನನಿಗೇ ನನ್ನನ್ನೂ ಕೊಟ್ಟರು. ಅಕ್ಕ-ತಂಗಿ ಒಂದೇ ಒಲೆಯ ಮುಂದೆ ಇರುತ್ತಾರೆಂದು ಅವ್ವನಿಗೆ ನೆಮ್ಮದಿ, ನಮಗೆ ಹಬ್ಬ. ಆ ಹಬ್ಬ ಹೆಚ್ಚು ದಿನ ನಡೆಯಲಿಲ್ಲ. ಬಟ್ಟೆ ಅಂಗಡಿಯನ್ನು ಬಸ್‌ಸ್ಟ್ಯಾಂಡ್ ರಸ್ತೆಗೆ ಒಯ್ಯೋಣವೆಂದು ನಮ್ಮ ಮನೆಯವರು, ಅಪ್ಪ ಇಟ್ಟ ಜಾಗ ಬಿಡುವುದಿಲ್ಲವೆಂದು ಭಾವ. ಮಾತಿಗೆ ಮಾತು ಬೆಳೆದು ಅಂಗಡಿ ಎರಡಾಯಿತು, ಒಲೆ ಎರಡಾಯಿತು, ಅಂಗಳದ ನಡುವೆ ಗೋಡೆ ಎದ್ದಿತು. ಬೀದಿಯ ಕಡೆಗಿದ್ದ ದೊಡ್ಡ ಬಾಗಿಲಿನ ಒಳಗಿನ ಮೊಗಸಾಲೆಯಿಂದಲೇ, ನಮ್ಮ ಕಡೆ ಅದಕ್ಕೆ ದೇವಡಿ ಎನ್ನುತ್ತಾರೆ, ಎರಡೂ ಭಾಗಗಳಿಗೆ ದಾರಿ. ದೇವಡಿಯ ಒಳಬಾಗಿಲುಗಳಿಗೆ ಅಗುಳಿ ಬಿತ್ತು. ಬೀದಿಯ ದೊಡ್ಡ ಬಾಗಿಲನ್ನು ಮುಚ್ಚಿ ಭಾವ ಒಂದು ಬೀಗ ಜಡಿದರು, ಅದರ ಮೇಲೆ ನಮ್ಮವರು ಇನ್ನೊಂದು ಜಡಿದರು. ಓಡಾಡಲು ತಮ್ಮ ತಮ್ಮ ಸಂದಿಯ ಕಡೆ ಬೇರೆ ಬಾಗಿಲು ಒಡೆಸಿಕೊಂಡರು. ಹೆಂಗಸರೂ ಆಚೆ ಕಾಲಿಡಕೂಡದೆಂದು ಇಬ್ಬರೂ ಅಪ್ಪಣೆ ಮಾಡಿದರು. ಆ ಒಂದು ಮಾತಿನಲ್ಲಿ ಅಣ್ಣ-ತಮ್ಮಂದಿರಿಗೆ ಪೂರ್ತಿ ಒಮ್ಮತವಿತ್ತು.

ಗೋಡೆಯ ಆಚೆ ಅಕ್ಕ ಒಗ್ಗರಣೆ ಹಾಕಿದರೆ ಈಚೆ ನನಗೆ ಸೀನು ಬರುತ್ತಿತ್ತು. ಆದರೆ ಅವಳ ಮುಖ ನೋಡುವಂತಿರಲಿಲ್ಲ. ಅವಳು ಬಸುರಿ ಎಂಬುದೂ ನನಗೆ ಮೂರನೆಯವರಿಂದ ಗೊತ್ತಾಯಿತು. ಅವತ್ತು ನಾನು ಅತ್ತಷ್ಟು ನನ್ನ ಮದುವೆಯ ದಿನವೂ ಅತ್ತಿರಲಿಲ್ಲ.

ಅದೇ ಹೊತ್ತಿಗೆ ಕಾಕಾ ಹುಮನಾಬಾದಿಗೆ ವರ್ಗವಾಗಿ ಬಂದರು. ನಮ್ಮ ಬಾಗಿಲಲ್ಲಿ ನನ್ನನ್ನು ಕಂಡದ್ದೇ, “ಕಲ್ಯಾಣದ ವಿಭೂತಿ ಮೀಟರಿನ ಮಗಳಲ್ಲೇನವ್ವ ನೀ? ಅಕ್ಕ ಎಲ್ಲಿ?” ಎಂದರು. ನಾನು ಗೋಡೆಯ ಕಡೆ ಕೈ ತೋರಿಸಿದೆ. ಅವರು ಗೋಡೆ ನೋಡಿದರು, ನನ್ನ ಕಣ್ಣು ನೋಡಿದರು.

ಕಂಬದ ತಂತಿ ಇಳಿದದ್ದು ಭಾವನ ಭಾಗಕ್ಕೆ. ಹಾಗಾಗಿ ಮನೆ ಒಡೆದಾಗ ನಾವು ತೆಗೆದುಕೊಂಡ ಹೊಸ ಮೀಟರನ್ನೂ ಅವರ ಪಡಸಾಲೆಯಲ್ಲೇ, ಹಳೆಯ ಮೀಟರಿನ ಪಕ್ಕ ಕೂಡಿಸಿದ್ದರು. ಕಾಕಾ ನಮ್ಮವರನ್ನು ಕರೆದು ಹೇಳಿದರು: “ಮೀಟರ್ ಯಾರದದ, ಆ ಮನಿಯವರು ಮುಂದ ನಿಂತು ಅಂಕಿ ನೋಡಬೇಕ್ರಿ. ಆಮ್ಯಾಲ ತಪ್ಪು ಬರದಿ ಅಂತ ನನ್ನ ಮ್ಯಾಲ ಬರ್ತೀರಿ.”

“ಆ ಮನಿ ಹೊಸ್ತಿಲ ನಾ ತುಳಿಯಂಗಿಲ್ಲ.”

“ತುಳಿಬ್ಯಾಡ್ರಿ. ಮನಿಯಾಕಿಗಿ ಕಳಸ್ರಿ. ಕಾಯ್ದಾ ಅಂದ್ರ ಕಾಯ್ದಾ.”

ಹೀಗೆ ನಾನು ತಿಂಗಳಿಗೊಮ್ಮೆ ಸರ್ಕಾರಿ ಕೆಲಸದ ಮೇಲೆ ಅಕ್ಕನ ಮನೆಗೆ ಹೋಗತೊಡಗಿದೆ. ಮೀಟರಿನ ಮುಂದೆ ನಿಂತ ಶಾಸ್ತ್ರ ಮಾಡಿ ನೇರ ಅಡುಗೆಮನೆಗೆ. ಇತ್ತ ಕಾಕಾ ಗಾಜು ಒರೆಸುವರು, ಚಷ್ಮಾ ಹುಡುಕುವರು, ಸಿಕ್ಕ ಚಷ್ಮಾವನ್ನು ಒರೆಸುವರು, ನೀರು ಕೇಳುವರು, ನೀರು ಕುಡಿದ ಮೇಲೆ ಚಹಾದ ನೆನಪಾಗುವುದು. ಭಾವ ಪೇಪರಿನ ಮರೆಯಿಂದ, “ಆಯ್ತೇನ್ರಿ ಕಾಕಾ?” ಎಂದರೆ, “ಚಕ್ರ ಇನ್ನೂ ತಿರಗಾಕತ್ತದ್ರಿ, ನಿಂದರ್ರಿ,” ಎನ್ನುವರು. ಮೀಟರಿನ ಚಕ್ರ ಯಾವಾಗಲೂ ತಿರುಗುತ್ತಲೇ ಇರುತ್ತದೆಂದು ಭಾವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪೇಪರನ್ನು ಇನ್ನಷ್ಟು ಮೇಲೆತ್ತುತ್ತಿದ್ದರು. ಅಕ್ಕನ ಮಗುವನ್ನು ನಾನು ಮೊದಲು ಎತ್ತಿಕೊಂಡದ್ದು ಹಾಗೆ ಚಕ್ರ ತಿರುಗುತ್ತಿದ್ದಾಗಲೇ.

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಹೊಸ ಹುಕುಂ ಬಂತು. ಹಳೆಯ ಮೀಟರು ತೆಗೆದು ಎಲೆಕ್ಟ್ರಾನಿಕ್ ಮೀಟರು ಹಾಕಬೇಕು, ಅದು ಮನೆಯೊಳಗೆ ಇರಕೂಡದು, ಓದಲು ಬಂದವರು ಯಾರನ್ನೂ ಕರೆಯದೆ ಓದಿ ಹೋಗುವಂತಿರಬೇಕು. ನಮ್ಮವರಿಗೆ ಖುಷಿಯೋ ಖುಷಿ. “ಇನ್ನ ಆ ಮನಿ ಕಡಿ ಹಣಿಕಿ ಹಾಕೂದೂ ಬ್ಯಾಡ,” ಎಂದರು. ಭಾವನೂ ಅದನ್ನೇ ಅಂದರಂತೆ. ಆ ತಿಂಗಳು ಪಡಸಾಲೆಯಲ್ಲಿ ಅಕ್ಕ ನನ್ನ ಕೈ ಬಿಡಲಿಲ್ಲ. “ಇನ್ನ ನೀ ಯಾವ ನೆಪದ ಮ್ಯಾಲ ಬರ್ತಿ?” ಎಂದು ಅತ್ತಳು. ಕಾಕಾ ಅಂಕಿ ಬರೆದುಕೊಂಡು ಪೆನ್ನಿನ ಕ್ಯಾಪು ಹಾಕುತ್ತ, “ಅಳಬ್ಯಾಡ್ರವ್ವ. ಹೊಸ ಮೀಟರಿಗಿ ಗ್ವಾಡಿ ಹುಡುಕೂ ಕೆಲಸ ನನಗ ಬಿಟ್ಟದ್ದದ,” ಎಂದರು.

ಲೈನ್‌ಮನ್‌ಗಳನ್ನು ಕರೆದುಕೊಂಡು ಅವರು ಬಂದ ದಿನವನ್ನು ನೆನೆದರೆ ಈಗಲೂ ನಗು ತಡೆಯುವುದಿಲ್ಲ. ನಮ್ಮವರು ಉತ್ಸಾಹದಿಂದ ಬಚ್ಚಲ ಹೊರಗೋಡೆ ತೋರಿಸಿದರು. ಕಾಕಾ ಅಂಗೈ ಒತ್ತಿ ನೋಡಿ, “ಹಸಿ ಅದ. ನಡ್ಯಂಗಿಲ್ಲ,” ಎಂದರು. ಭಾವ ತಮ್ಮ ಸಂದಿಯ ಗೋಡೆ ತೋರಿಸಿದರು. “ಮಳಿ ಬಡಿತದ. ನಡ್ಯಂಗಿಲ್ಲ.” ಇನ್ನೊಂದು ಗೋಡೆಗೆ ಬಿಸಿಲು ಜಾಸ್ತಿ, ಮತ್ತೊಂದರ ಮುಂದೆ ಎಮ್ಮೆ ಕಟ್ಟುತ್ತಾರೆ. ಅಣ್ಣ-ತಮ್ಮ ಇಬ್ಬರೂ ಅವರ ಹಿಂದೆ ಮನೆಯ ಸುತ್ತ ಪ್ರದಕ್ಷಿಣೆ ಹಾಕಿದರು, ಒಬ್ಬರ ಮುಖ ಒಬ್ಬರು ನೋಡದೆ. ಕೊನೆಗೆ ಕಾಕಾ ಮುಚ್ಚಿದ ದೊಡ್ಡ ಬಾಗಿಲ ಮುಂದೆ ನಿಂತರು.

“ಒಳಗ ದೇವಡಿ ಅದಲ್ಲ? ಮಳಿ ಇಲ್ಲ, ಬಿಸಲ ಇಲ್ಲ, ಕಂಬ ಎದರಿಗೇ ಅದ. ಎರಡೂ ಮೀಟರ್ ಇಲ್ಲೇ ಕೂಡಸ್ತೀವಿ. ಹಗಲಹೊತ್ತು ಕೀಲಿ ಹಾಕಾಂಗಿಲ್ಲ ನೋಡ್ರಿ. ಕೀಲಿ ಕಂಡ್ರ ಡೋರ್ ಲಾಕ್ ಅಂತ ಬರದು ಅಂದಾಜಿನ ಬಿಲ್ ಕಳಸ್ತೀನಿ, ಇಬ್ಬರಿಗೂ.”

ಗಜಕಡ್ಡಿ ಹಿಡಿದು ಬಟ್ಟೆ ಅಳೆದು ಬದುಕಿದ ಮನೆತನ. ಅಂದಾಜು ಎಂಬ ಮಾತು ಕೇಳಿದರೆ ಇಬ್ಬರಿಗೂ ಮೈಮೇಲೆ ಹಲ್ಲಿ ಬಿದ್ದಂತೆ. ಭಾವ ಬೀಗದ ಕೈ ತಂದರು. ನಮ್ಮವರೂ ತಂದರು. ಎರಡೂ ಬೀಗ ತುಕ್ಕು ಹಿಡಿದಿದ್ದವು. ನಾನು ಕೊಬ್ಬರಿ ಎಣ್ಣೆ ತರಲು ಓಡಿದೆ, ಆಚೆಯಿಂದ ಅಕ್ಕನೂ ಓಡಿ ಬಂದಳು. ಬಾಗಿಲು ಕಿರುಗುಟ್ಟುತ್ತ ತೆರೆದಾಗ ಒಂದೊಂದು ಎಣ್ಣೆ ಬಟ್ಟಲು ಹಿಡಿದು ನಾವಿಬ್ಬರೂ ಎದುರು ಬದುರು ನಿಂತಿದ್ದೆವು, ಕಿಸಕ್ಕನೆ ನಕ್ಕುಬಿಟ್ಟೆವು. ಆ ಬಚ್ಚಲ ಗೋಡೆ ನಿಜಕ್ಕೂ ಅಷ್ಟು ಹಸಿಯಾಗಿತ್ತೋ ಇಲ್ಲವೋ ನಾನು ಮುಟ್ಟಿ ನೋಡಲಿಲ್ಲ, ಯಾಕೆ ನೋಡಬೇಕು?

ಅಂದಿನಿಂದ ಮಧ್ಯಾಹ್ನವೆಲ್ಲ ದೇವಡಿ ನಮ್ಮದಾಯಿತು. ಮೀಟರುಗಳ ಕೆಳಗೆ ಕೂತು ಪುಂಡಿಪಲ್ಲೆಯ ಸೊಪ್ಪು ಸೋಸುವುದು, ಶಾವಿಗೆ ಹೊಸೆಯುವುದು, ಮಕ್ಕಳ ತಲೆ ಬಾಚುವುದು. ಗಂಡಂದಿರು ಗೊಣಗಿದರು. “ಕಾಕಾ ಬಾಗಲಾ ತಗದಿಡ್ರಿ ಅಂದಾರ, ಕಾಯಬೇಕಲ್ಲ?” ಎಂದಳು ಅಕ್ಕ. ತಂಪು ಗಾಳಿಯ ಆಸೆಗೆ ಭಾವನೂ ಬಂದು ಕೂಡತೊಡಗಿದರು.

ಹೊಸ ಮೀಟರಿನಲ್ಲಿ ಕೆಂಪು ದೀಪವೊಂದು ಮಿನುಗುತ್ತದೆ, ಕರೆಂಟು ಹೆಚ್ಚು ಎಳೆದಷ್ಟೂ ಬೇಗ ಬೇಗ. ಒಂದು ದಿನ ಭಾವ ಸುಮ್ಮನೆ ಅದನ್ನೇ ನೋಡುತ್ತಿದ್ದವರು ದಡಬಡಿಸಿ ಎದ್ದು ನಮ್ಮ ಬಾಗಿಲಿಗೆ ಬಂದು ಕೂಗಿದರು: “ಏ ತಮ್ಮಾ! ನಿನ್ನ ಮೀಟರ್ ಕುಣ್ಯಾಕತ್ತದಲ್ಲೋ! ಇಸ್ತ್ರಿ ಬಿಟ್ಟಿ ಏನು ನೋಡೋ!” ಗೋಡೆ ಎದ್ದ ಮೇಲೆ ಅವರು ತಮ್ಮನೊಂದಿಗೆ ಆಡಿದ ಮೊದಲ ಮಾತು ಅದು. ನಮ್ಮವರು ಓಡಿ ಒಳಗೆ ಹೋದರು. ಇಸ್ತ್ರಿಯ ಕೆಳಗೆ ಅವರ ಹೊಸ ಅಂಗಿ ಹೊಗೆಯಾಡುತ್ತಿತ್ತು. ಸುಟ್ಟ ಅಂಗಿ ಹಿಡಿದು ಹೊರಗೆ ಬಂದು, “ನಿನಗ್ಯಾಂಗ ಗೊತ್ತಾಯ್ತು ಅಣ್ಣಾ?” ಎಂದರು. ಭಾವ ಅಂಗಿ ಬಿಡಿಸಿ ನೋಡಿ, “ಅರಿವಿ ಹಲ್ಕಾ ಅದ. ಎಲ್ಲಿಂದ ತರಸ್ತಿಯೋ?” ಎಂದು ಶುರು ಮಾಡಿದರು. ಅವತ್ತು ಇಬ್ಬರೂ ದೇವಡಿಯಲ್ಲೇ ಊಟ ಮಾಡಿದರು, ಬಟ್ಟೆಯ ಬಗ್ಗೆ ಜಗಳವಾಡುತ್ತ.

ಈ ಕಥೆಯನ್ನು ಕಾಕಾ ಅಕ್ಕನ ಬಾಯಿಂದ ಪ್ರತಿ ಸಲ ಹೇಳಿಸಿ ನಗುತ್ತಿದ್ದರು. ಅಂಗಳದ ಗೋಡೆಯನ್ನು ಮಾತ್ರ ನಾವು ಕೆಡವಲಿಲ್ಲ. ಮೆಣಸಿನಕಾಯಿ ಒಣಗಿಸಲು ಅನುಕೂಲವಾಗಿದೆ.

ನಿವೃತ್ತರಾದ ಮೇಲೆ ಕಾಕಾ ಪಕ್ಕದಲ್ಲೇ ಇದ್ದ ತಮ್ಮ ಊರು ಹುಡಗಿಗೆ ಹೋದರು. ಜೋಳದ ಸುಗ್ಗಿಯ ಒಂದು ಬೆಳಿಗ್ಗೆ ಅವರು ತೀರಿಕೊಂಡ ಸುದ್ದಿ ಬಂತು. ತವರು ಹತ್ತಿರವಿದ್ದರೂ ಅಕ್ಕನನ್ನು ನನಗೆ ಉಳಿಸಿಕೊಟ್ಟವರು ಅವರು, ಹಡೆದವರಿಗೂ ಅದು ಆಗಿರಲಿಲ್ಲ. ನಾವಿಬ್ಬರೂ ಅಳುತ್ತ ಬೀದಿಗೆ ಬರುವಷ್ಟರಲ್ಲಿ ನಮ್ಮವರು ಹುಡಗಿಗೆ ಹೊರಡಲು ಮೋಟರ್ ಸೈಕಲ್ ಚಾಲೂ ಮಾಡಿದ್ದರು. ಭಾವ ಬಂದು ಹಿಂದೆ ಕೂತು, ತಮ್ಮನ ಹೆಗಲ ಮೇಲೆ ಕೈ ಇಟ್ಟು, “ಸಾವಕಾಶ ಹೊಡಿ,” ಎಂದರು. ಅಕ್ಕ ಕಣ್ಣೊರೆಸಿಕೊಂಡು, “ಕಾಕಾ ಇದನ್ನ ನೋಡಬೇಕಾಗಿತ್ತು,” ಎಂದಳು. ಅಣ್ಣ-ತಮ್ಮ ಓಣಿಯ ತಿರುವು ದಾಟುವವರೆಗೂ ನಾವು ನಿಂತೇ ಇದ್ದೆವು. ಯಾವ ದಾರಿಯಿಂದ ಹೋಗಬೇಕೆಂದು ಆಗಲೇ ಇಬ್ಬರ ಜಗಳ ಜೋರಾಗಿ ಕೇಳಿಸುತ್ತಿತ್ತು.