ಗೆಂಡೆಗೆ ಮೀಸೆ ಇದೆಯೇ?

ಮೊನ್ನೆ ದೇವನಹಳ್ಳಿ ಸಂತೆಯಲ್ಲಿ ಹಸಿ ಮೀನಿನ ವಾಸನೆ ಮೂಗಿಗೆ ಬಡಿಯಿತು. ತಟ್ಟೆಯ ತುಂಬ ಬೆರಳುದ್ದದ ಗೆಂಡೆ ಮೀನು. ಕೊಳ್ಳುವುದು ಬಿಟ್ಟು, ಬಗ್ಗಿ ಅವಕ್ಕೆ ಮೀಸೆ ಇದೆಯೇ ಎಂದು ನೋಡತೊಡಗಿದೆ. ಮಾರುವಾಕೆ ನನ್ನನ್ನೇ ಅನುಮಾನದಿಂದ ನೋಡಿದಳು. ತಪ್ಪು ಅವಳದಲ್ಲ ಬಿಡಿ. ಅನುಮಾನ ನಮ್ಮ ಮನೆತನದ್ದೇ ಕಾಯಿಲೆ.

ವರ್ಷಗಳ ಹಿಂದಿನ ಕತೆ. ನಮ್ಮ ಕುಂದಾಣದ ಕಡೆ ಆಗ ವಿಮಾನ ನಿಲ್ದಾಣ ಬರುತ್ತದೆಂಬುದೇ ಮಾತು. ಊರಿಗೆ ಬಂದವರೆಲ್ಲ ನಗುನಗುತ್ತಾ ಕೂತು, ಸ್ವಲ್ಪ ಹೊತ್ತಿಗೆ ಜಮೀನಿನ ವಿಚಾರಕ್ಕೆ ಇಳಿಯುತ್ತಿದ್ದರು. ಹಾಗಾಗಿ ಕಾಲೇಜು ಮೇಡಂ ಒಬ್ಬರು ನಮ್ಮ ಹೊಲದಂಚಿನ ಸಣ್ಣ ಹೊಳೆಗೆ ಬಲೆ, ಅಳತೆ ಟೇಪ್ ಹಿಡಿದು ಇಳಿದಾಗ ಚಿಕ್ಕಪ್ಪ ಬದುವಿನ ಮೇಲೆ ಕಾವಲು ನಿಂತರು.

"ಮೀನ್ ಹಿಡಿಯೋಕೆ ಟೇಪ್ ಯಾಕಮ್ಮಾ?"

"ಎಷ್ಟು ಆಳದಲ್ಲಿ ಯಾವ ಮೀನಿರುತ್ತೆ ಅಂತ ನೋಡ್ತಿದೀನಿ ಯಜಮಾನ್ರೇ. ನೀವು ಗೆಂಡೆ ಅನ್ನೋದ್ರಲ್ಲೇ ಬೇರೆಬೇರೆ ಜಾತಿ ಇದೆ."

"ಇವತ್ತು ಹೊಳೆ ಅಳೀತಾರೆ, ನಾಳೆ ಹೊಲ ಅಳೀತಾರೆ, ನೋಡ್ತಿರು" ಎಂದು ಚಿಕ್ಕಪ್ಪ ನನ್ನ ಕಿವಿಯಲ್ಲಿ ಉಸುರಿದರು. ನಾನೂ ತಲೆಯಾಡಿಸಿದೆ. ಮೀನಿನ ವಿಷಯದಲ್ಲಿ ಸಾರಿನಿಂದಾಚೆ ನನಗೇನೂ ತಿಳಿಯದು.

ಮರುದಿನ ಚಿಕ್ಕಪ್ಪ ಪರೀಕ್ಷೆಯನ್ನೇ ಇಟ್ಟರು. ಕೆರೆಯದ್ದು, ಹೊಳೆಯದ್ದು ಬೆರೆಸಿ ಒಂದು ಬಕೆಟ್ ಗೆಂಡೆ ತಂದು ಮೇಡಂ ಮುಂದಿಟ್ಟು, "ಜಾತಿ ಬೇರೆ ಮಾಡಿ, ನೋಡಾಣ" ಎಂದರು. ಅವರು ಮಸೂರ ಹಿಡಿದು ಕೂತರು. ಬಾಯಂಚಿನಲ್ಲಿ ಕೂದಲೆಳೆಯಷ್ಟು ಮೀಸೆ ಇದ್ದವು ಒಂದು ಕಡೆ. ಮೀಸೆಯಿಲ್ಲದೆ, ಬಾಲದ ಬುಡದಲ್ಲಿ ಕಪ್ಪು ಬೊಟ್ಟಿದ್ದವು ಇನ್ನೊಂದು ಕಡೆ. ಕೊನೆಗೆ, ಪಕ್ಕೆಗೆ ಕುಂಕುಮ ಗೀಚಿದಂತಿದ್ದ ಒಂದು ಮೀನನ್ನು ಬಹಳ ಹೊತ್ತು ತಿರುಗಿಸಿ ನೋಡಿ, "ಇದು ನಂಗೆ ಗೊತ್ತಾಗ್ತಿಲ್ಲ. ತೊಟ್ಟೀಲಿ ಬಿಟ್ಟಿರಿ, ಮತ್ತೆ ಬಂದು ನೋಡ್ತೀನಿ" ಎಂದರು.

"ಮನೆಗೆ ಬಂದು ಹೋಗೋಕೆ ಒಳ್ಳೆ ನೆಪ" ಎಂದು ಚಿಕ್ಕಪ್ಪ ಗೊಣಗಿದರು. ಆದರೆ ಊಟಕ್ಕೆ ಕೂತು ಮುದ್ದೆ ಮುರಿಯುವಾಗ, "ಅಲ್ಲ ಕಣೋ, ಇಲ್ಲೀಗಂಟ ಬಂದೋರ್ಯಾರೂ ಗೊತ್ತಿಲ್ಲ ಅಂದಿರ್ಲಿಲ್ಲ" ಎಂದರು. ಅಂದಿನಿಂದ ಬೆಳಗೆದ್ದರೆ ತೊಟ್ಟಿಯ ಮುಂದೆ ಹಾಜರು. ಬರಬರುತ್ತ ಆ ಕೆಂಪು ಮಾಸಿತು. ಮೇಡಂ ಬರುವ ಹೊತ್ತಿಗೆ ಅದು ಮೀಸೆಯಿಲ್ಲದ, ಬೊಟ್ಟಿನ ಗೆಂಡೆಯೇ!

"ಮೊಟ್ಟೆ ಇಡೋ ಕಾಲದಲ್ಲಿ ಗಂಡಿಗೆ ಬರೋ ಬಣ್ಣ ಯಜಮಾನ್ರೇ. ಬೇರೆ ಜಾತಿ ಅಂದ್ಕೊಂಡ್ಬಿಟ್ಟಿದ್ದೆ" ಎಂದು ಮೇಡಂ ನಕ್ಕರು. ಚಿಕ್ಕಪ್ಪ ಮಜ್ಜಿಗೆ ತರಿಸಿದರು. ಜಮೀನಿನ ಮಾತು ಬಂದೀತೆಂದು ನಾನು ಕಾಯುತ್ತಲೇ ಇದ್ದೆ. ಬರಲಿಲ್ಲ.

ಮೊನ್ನೆ ಸಂತೆಯಿಂದ ಮನೆಗೆ ಬಂದರೆ ಜಗುಲಿಯ ಮೇಲೆ ಗುರುತಿಲ್ಲದವನೊಬ್ಬ ಕೂತಿದ್ದ. ಪಕ್ಕದ ತೋಟಕ್ಕೆ ಹೊಸದಾಗಿ ಬಂದವನಂತೆ. ಅವನು ಎದ್ದುಹೋದ ಮೇಲೆ, "ಹೆಂಗವ್ನೆ ಚಿಕ್ಕಪ್ಪ?" ಎಂದೆ.

"ಒಂದ್ಸಲ ನೋಡಿ ಏನ್ ಹೇಳ್ಲಿ? ಬಂದು ಹೋಗಿ ಮಾಡ್ಲಿ" ಎಂದು ಅವನು ಮಜ್ಜಿಗೆ ಕುಡಿದ ಲೋಟ ತೊಳೆದಿಟ್ಟರು.